ತಿದ್ದುಪಡಿಯಾದ ಬೈಲಾ: ಸದಸ್ಯರಿಗೆ ಕೊಡುವ ವಿವರಣೆ ಹೇಗಿರಬೇಕು



ನಮ್ಮ ಊರೂರುಗಳಲ್ಲಿರುವ ಸಂಘಗಳ ಬೈಲಾಗಳು ಬಹುತೇಕ 30-40 ವರ್ಷ ಹಳೆಯವು. ವಿದ್ಯಾರ್ಥಿ ನಿಲಯ ನಡೆಸುವ ಸಂಘ, ಮಹಿಳಾ ಮಂಡಳ, ಯುವಕ ಸಂಘ, ಸಮುದಾಯ ಭವನದ ಸಮಿತಿ, ಯಾವುದನ್ನು ತೆಗೆದರೂ ಹಾಗೆಯೇ. ವರ್ಷದ ವಂತಿಗೆ 5 ರೂಪಾಯಿ ಎಂದು ಬರೆದಿರುತ್ತದೆ, ನೋಟಿಸನ್ನು ಅಂಚೆ ಕಾರ್ಡಿನಲ್ಲಿ ಕಳಿಸತಕ್ಕದ್ದು ಎಂದಿರುತ್ತದೆ. ಬ್ಯಾಂಕಿನವರು, ಲೆಕ್ಕ ಪರಿಶೋಧಕರು, ಸರ್ಕಾರಿ ಕಚೇರಿಯವರು ಕೇಳುವುದು ಹೆಚ್ಚಾದ ಮೇಲೆ ಈಗ ಎಲ್ಲ ಕಡೆ ಬೈಲಾ ತಿದ್ದುವ ಕೆಲಸ ನಡೆದಿದೆ. ಒಳ್ಳೆಯದೇ. ಆದರೆ ತಿದ್ದುಪಡಿ ಪಾಸಾದ ಮರುದಿನದಿಂದ ಸದಸ್ಯರ ಪ್ರಶ್ನೆ ಶುರುವಾಗುತ್ತವೆ. ಅಧ್ಯಕ್ಷರು ಒಂದು ಹೇಳುತ್ತಾರೆ, ಕಾರ್ಯದರ್ಶಿ ಇನ್ನೊಂದು ಹೇಳುತ್ತಾರೆ, ಕಚೇರಿಯ ಗುಮಾಸ್ತ ಮೂರನೆಯದನ್ನು ಹೇಳುತ್ತಾನೆ. ಆಗ ಒಂದು ಲಿಖಿತ ವಿವರಣೆ ಬೇಕಾಗುತ್ತದೆ. ಅದನ್ನು ಬರೆಯುವ ಹೊಣೆ ಹೊತ್ತವರಿಗಾಗಿ ಈ ಲೇಖನ. ನಾನು ವಕೀಲನಲ್ಲ, ಬಟ್ಟೆ ಅಂಗಡಿ ಇಟ್ಟುಕೊಂಡವನು. ಪಿಯುಸಿವರೆಗೆ ಓದಿ ಗಲ್ಲೆಯ ಮೇಲೆ ಕೂತವನು. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಘದ ಕಾಗದಪತ್ರ ನೋಡಿಕೊಂಡ ಅನುಭವದಿಂದ ಬರೆಯುತ್ತಿದ್ದೇನೆ.

ಯಾವ ಕಾಗದ ಮೇಲು, ಯಾವುದು ಕೆಳಗೆ

ಮೊದಲು ಇದು ತಲೆಯಲ್ಲಿ ಸ್ಪಷ್ಟವಾಗಿರಬೇಕು. ಎಲ್ಲಕ್ಕಿಂತ ಮೇಲೆ ಕಾಯಿದೆ. ಅದರ ಕೆಳಗೆ ಸಂಘದ ಮೆಮೊರಾಂಡಮ್, ಅಂದರೆ ಸಂಘದ ಹೆಸರು ಮತ್ತು ಉದ್ದೇಶಗಳಿರುವ ಪತ್ರ. ಅದರ ಕೆಳಗೆ ಬೈಲಾ. ಅದರ ಕೆಳಗೆ ಸರ್ವಸಾಧಾರಣ ಸಭೆಯ ಠರಾವು, ಆಮೇಲೆ ಕಾರ್ಯಕಾರಿ ಮಂಡಳಿಯ ಠರಾವು. ಎಲ್ಲಕ್ಕೂ ಕೆಳಗೆ ಕಚೇರಿಯಿಂದ ಹೊರಡುವ ಸುತ್ತೋಲೆ, ವಿವರಣೆ, ವಾಟ್ಸಾಪ್ ಸಂದೇಶ. ಕೆಳಗಿನ ಕಾಗದ ಮೇಲಿನದನ್ನು ತಿಳಿಯಾಗಿಸಬಹುದು, ಬದಲಿಸುವಂತಿಲ್ಲ. ಬೈಲಾದಲ್ಲಿ "ಮೂರು ವರ್ಷ" ಎಂದಿದ್ದರೆ ವಿವರಣೆಯಲ್ಲಿ "ಮೂರು ವರ್ಷ ಅಥವಾ ಮುಂದಿನ ಚುನಾವಣೆಯವರೆಗೆ" ಎಂದು ಸೇರಿಸಿದರೆ ಅದು ಹೊಸ ನಿಯಮವೇ ಆಗುತ್ತದೆ. ಆ ಅಧಿಕಾರ ವಿವರಣೆ ಬರೆಯುವವನಿಗೆ ಇಲ್ಲ.

ವ್ಯಾಪಾರಿ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ಸಭೆಯ ನಡವಳಿ ಪುಸ್ತಕ ನಮ್ಮ ಕೀರ್ದಿ ಇದ್ದ ಹಾಗೆ. ದಿನದಿನ ನಡೆದದ್ದು ಅಲ್ಲಿ ಬೀಳುತ್ತದೆ. ಬೈಲಾ ಖಾತೆ ಇದ್ದ ಹಾಗೆ. ಕೀರ್ದಿಯಲ್ಲಿ ಬರೆದು ಖಾತೆಗೆ ಎತ್ತದಿದ್ದರೆ ಗಿರಾಕಿಯ ಬಾಕಿ ಎಷ್ಟು ಎಂದು ಯಾರೂ ಹೇಳಲಾರರು. ನಮ್ಮ ಅನೇಕ ಸಂಘಗಳ ಸ್ಥಿತಿ ಹೀಗೇ ಇದೆ. ಒಂದು ವರ್ಷ ಒಂದು ನಿಯಮ, ಐದು ವರ್ಷ ಬಿಟ್ಟು ಮತ್ತೆ ಮೂರು ನಿಯಮ ತಿದ್ದಿದ್ದಾರೆ, ಎಲ್ಲವೂ ನಡವಳಿಯಲ್ಲಿ ಚದುರಿ ಬಿದ್ದಿವೆ. ಅಚ್ಚಾದ ಪುಸ್ತಿಕೆ ಮಾತ್ರ ಮೊದಲಿನದೇ. ಆದ್ದರಿಂದ ವಿವರಣೆಗಿಂತ ಮೊದಲು ಎಲ್ಲ ತಿದ್ದುಪಡಿಗಳನ್ನು ಸೇರಿಸಿದ ಒಂದೇ ಪೂರ್ಣ ಪ್ರತಿ ತಯಾರಾಗಬೇಕು. ಪ್ರತಿ ನಿಯಮದ ಕೆಳಗೆ ಚಿಕ್ಕ ಅಕ್ಷರದಲ್ಲಿ "ಇಂಥ ದಿನದ ಸಭೆಯಲ್ಲಿ ತಿದ್ದಿದ್ದು, ಇಂಥ ದಿನ ನೋಂದಣಿಯಾದದ್ದು" ಎಂಬ ಷರಾ ಇರಬೇಕು. ನಿಯಮ ತೆಗೆದುಹಾಕಿದ್ದರೆ ಅದರ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ, "ನಿಯಮ 14, ಕೈಬಿಡಲಾಗಿದೆ" ಎಂದು ಖಾಲಿ ಬಿಡಿ. ಸಂಖ್ಯೆ ಬದಲಾದರೆ ಹಳೆಯ ಠರಾವುಗಳೆಲ್ಲ ತಪ್ಪು ನಿಯಮವನ್ನು ತೋರಿಸುತ್ತವೆ.

ನನ್ನ ಕೈಯಿಂದ ಆದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ನಾನು ಒಂದು ಸಂಘದ ಕಾರ್ಯದರ್ಶಿಯಾಗಿದ್ದೆ. ಸುಮಾರು 300 ಜನ ಸದಸ್ಯರು, ಒಂದು ವಿದ್ಯಾರ್ಥಿ ನಿಲಯ. ಹಳೆಯ ನಿಯಮ 7 ಹೀಗಿತ್ತು: ಕುಟುಂಬದ ಯಜಮಾನನು ಸದಸ್ಯನು, ಆತನ ಮರಣಾನಂತರ ಹಿರಿಯ ಮಗನು ಸದಸ್ಯನಾಗುವನು. ಗಂಡ ತೀರಿಕೊಂಡು, ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಲ್ಲಿದ್ದು ವಂತಿಗೆ ಕಟ್ಟುತ್ತ ಬಂದ ತಾಯಂದಿರಿಗೆ ಓಟು ಇರಲಿಲ್ಲ. ರಸೀದಿ ಕೂಡ ತೀರಿಕೊಂಡವರ ಹೆಸರಲ್ಲೇ ಹೋಗುತ್ತಿತ್ತು. ಇದನ್ನು ತಿದ್ದೋಣ ಎಂದು "ಪತ್ನಿ ಅಥವಾ ಮಗ" ಎಂಬ ಕರಡನ್ನು ನೋಟಿಸಿನಲ್ಲಿ ಕಳಿಸಿದೆವು. ಸಭೆಯಲ್ಲಿ ಒಬ್ಬರು ಎದ್ದು, ಮಗಳು, ಸೊಸೆ ಯಾಕೆ ಬೇಡ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಪತ್ನಿ, ಮಗ, ಮಗಳು ಅಥವಾ ಸೊಸೆ" ಎಂದು ತಿದ್ದಿ ಪಾಸು ಮಾಡಿದೆವು. ನಾನು ಸಂತೋಷದಲ್ಲಿ ಎರಡು ತಿಂಗಳೊಳಗೆ ಹೊಸ ಪುಸ್ತಿಕೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಿಬಿಟ್ಟೆ.

ನೋಂದಣಿಗೆ ಕಳಿಸಿದ ಫೈಲು ಆಕ್ಷೇಪಣೆಯೊಂದಿಗೆ ಮರಳಿ ಬಂತು. ನೋಟಿಸಿನಲ್ಲಿದ್ದ ನಿಯಮ 7ಕ್ಕೂ ಪಾಸಾದ ನಿಯಮ 7ಕ್ಕೂ ತಾಳೆ ಇಲ್ಲ, ಸಮಜಾಯಿಷಿ ಕೊಡಿ ಎಂದು ಬರೆದಿದ್ದರು. ಬಂದದ್ದು ದೀಪಾವಳಿ ಸೀಸನ್ನಿನಲ್ಲಿ. ಆಮೇಲೆ ನೋಡಿದರಾಯಿತು ಎಂದು ಪತ್ರವನ್ನು ಅಂಗಡಿಯ ಡ್ರಾದಲ್ಲಿಟ್ಟೆ. ಜನವರಿಯಲ್ಲಿ ಚುನಾವಣೆ ಬಂತು. ಪುಸ್ತಿಕೆ ನೋಡಿಕೊಂಡು ಹನ್ನೊಂದು ಜನ ಹೆಣ್ಣುಮಕ್ಕಳು ಬಂದು ಓಟು ಹಾಕಿದರು. ಅಧ್ಯಕ್ಷ ಸ್ಥಾನದ ಅಂತರ ಆರೇ ಓಟು. ಸೋತವರು ಕಚೇರಿಗೆ ಹೋಗಿ ದೃಢೀಕೃತ ನಕಲು ತಂದರು. ಅದರಲ್ಲಿ ಹಳೆಯ ನಿಯಮ 7ರೇ ಇತ್ತು.

ಆ ಹನ್ನೊಂದು ಜನರಿಗೆ, ನೀವು ಸದಸ್ಯರೇ ಅಲ್ಲ ಎಂಬ ಪತ್ರ ಹೋಯಿತು. ಅವರಲ್ಲೊಬ್ಬರು, ಮೂವತ್ತು ವರ್ಷದಿಂದ ನಮ್ಮ ಅಂಗಡಿಯ ಗಿರಾಕಿ, ಪುಸ್ತಿಕೆ ಹಿಡಿದುಕೊಂಡು ಬಂದು ಗಲ್ಲೆಯ ಮುಂದೆ ನಿಂತರು.

"ಅಣ್ಣಾರ, ಇದು ನೀವಽ ಕೊಟ್ಟಿದ್ದು ಅಲ್ಲೇನ್ರಿ? ನಾ ಸದಸ್ಯಳು ಹೌದೋ ಅಲ್ಲೋ, ಅಷ್ಟ ಹೇಳ್ರಿ."

"ಅಕ್ಕಾರ, ತಪ್ಪು ನಂದೈತ್ರಿ," ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಎರಡೂ ಬಣದವರು ಬ್ಯಾಂಕಿಗೆ ಪತ್ರ ಕೊಟ್ಟರು. ಬ್ಯಾಂಕಿನವರು, ಯಾರು ಪದಾಧಿಕಾರಿಗಳು ಎಂದು ತೀರ್ಮಾನವಾಗುವವರೆಗೆ ಚೆಕ್ಕು ಪಾಸು ಮಾಡುವುದಿಲ್ಲ ಎಂದರು. ಐದು ತಿಂಗಳು ವಿದ್ಯಾರ್ಥಿ ನಿಲಯದ ಕಿರಾಣಿ ಉದ್ರಿಯಲ್ಲಿ ನಡೆಯಿತು. ಅಡುಗೆಯವರ ಪಗಾರ ಕೆಲವರು ಕೈಯಿಂದ ಕೊಟ್ಟೆವು. ಕೊನೆಗೆ ಹಿರಿಯರು ಕೂಡಿಸಿ, ಹೊಸದಾಗಿ ವಿಶೇಷ ಸರ್ವಸಾಧಾರಣ ಸಭೆ ಕರೆದು, ಸೊಸೆ-ಮಗಳು ಸೇರಿದ ಪಾಠವನ್ನೇ ನೋಟಿಸಿನಲ್ಲಿ ಹಾಕಿ, ಪಾಸು ಮಾಡಿಸಿ, ನೋಂದಣಿಯಾದ ಮೇಲೆ ಮತ್ತೆ ಚುನಾವಣೆ ನಡೆಸಿದರು. ಅಕ್ಕಾರು ಅರ್ಜಿ ಕೊಟ್ಟು ಸದಸ್ಯರಾದರು. ಆದರೆ ಹನ್ನೊಂದರಲ್ಲಿ ಇಬ್ಬರು ಮತ್ತೆ ಬರಲೇ ಇಲ್ಲ.

ಇಲ್ಲಿ ತಿದ್ದುಪಡಿಯಲ್ಲಿ ತಪ್ಪಿರಲಿಲ್ಲ. ಇನ್ನೂ ಜಾರಿಗೆ ಬಾರದ ಪಾಠವನ್ನು ಜಾರಿಯಲ್ಲಿದೆ ಎಂದು ಹಂಚಿದ್ದು ತಪ್ಪು. ಹಾಗಾಗಿ ನನ್ನ ಸಲಹೆ ಇಷ್ಟು: ನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಕೈಗೆ ಬರುವವರೆಗೆ ಪುಸ್ತಿಕೆ ಅಚ್ಚು ಹಾಕಬೇಡಿ. ಸದಸ್ಯರಿಗೆ ತಿಳಿಸಲೇಬೇಕಾದರೆ ಪ್ರತಿ ಪುಟದ ಮೇಲೆ "ಸಭೆಯಲ್ಲಿ ಪಾಸಾಗಿದೆ, ನೋಂದಣಿ ಬಾಕಿ ಇದೆ" ಎಂದು ದಪ್ಪಕ್ಷರದಲ್ಲಿ ಹಾಕಿ.

ನಿಮ್ಮ ಸಂಘ ಯಾವ ಕಾಯಿದೆಯ ಕೆಳಗೆ ಬರುತ್ತದೆ

ಕರ್ನಾಟಕದಲ್ಲಿ ಸಂಘಗಳಿಗೆ ಅನ್ವಯಿಸುವುದು ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960. ಏಕೀಕರಣಕ್ಕೆ ಮೊದಲು ಮುಂಬೈ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರ ಕಡೆ 1860ರ ಕೇಂದ್ರ ಕಾಯಿದೆ ನಡೆಯುತ್ತಿತ್ತು. ಹೀಗಾಗಿ ಆ ಭಾಗದ ಹಳೆಯ ಸಂಘಗಳ ಪುಸ್ತಿಕೆಯ ಮೊದಲ ಪುಟದಲ್ಲಿ ಇವತ್ತಿಗೂ "1860ರ ಕಾಯಿದೆಯ ಪ್ರಕಾರ" ಎಂದೇ ಇರುತ್ತದೆ. ಪೂರ್ಣ ಪ್ರತಿ ತಯಾರಿಸುವಾಗ ಈ ಸಾಲನ್ನು ನೋಡಿಕೊಳ್ಳಿ. ಕರ್ನಾಟಕದಲ್ಲಿ ಸಂಘಗಳ ನೋಂದಣಿಯನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆಯ ಅಧಿಕಾರಿಗಳು. ಜಾಗದ ನೋಂದಣಿ ಮಾಡುವ ಉಪನೋಂದಣಿ ಕಚೇರಿ ಬೇರೆ, ಇದು ಬೇರೆ. ಮೊದಲ ಸಲ ಹೋದವರು ಅಲ್ಲಿಗೆ ಹೋಗಿ ವಾಪಸು ಬರುವುದುಂಟು.

ಪ್ರತಿ ವರ್ಷದ ಸರ್ವಸಾಧಾರಣ ಸಭೆಯ ನಂತರ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸುವುದು ಈ ಕಾಯಿದೆಯ ಪ್ರಕಾರ ಕಡ್ಡಾಯ. ಅನೇಕ ಸಂಘಗಳು ವರ್ಷಗಟ್ಟಲೆ ಸಲ್ಲಿಸಿರುವುದಿಲ್ಲ. ಬೈಲಾ ತಿದ್ದುಪಡಿ ತೆಗೆದುಕೊಂಡು ಹೋದಾಗ, ಮೊದಲು ಬಾಕಿ ವರ್ಷಗಳದ್ದು ತನ್ನಿ ಎನ್ನುತ್ತಾರೆ. ದಂಡ ಕಟ್ಟಿ ಅದನ್ನು ಮುಗಿಸಿಕೊಂಡೇ ತಿದ್ದುಪಡಿಗೆ ಕೈ ಹಾಕುವುದು ಲೇಸು. ಸಂಘದ ವ್ಯವಹಾರದ ಬಗ್ಗೆ ಕಾರ್ಯಕಾರಿ ಮಂಡಳಿಯ ಬಹುಮತದವರು ಅಥವಾ ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲು 25ನೇ ಕಲಂನಲ್ಲಿ ಅವಕಾಶವಿದೆ.

ಸಾಂಗ್ಲಿ, ಕೊಲ್ಹಾಪುರ, ಇಚಲಕರಂಜಿ ಕಡೆಯ ನಮ್ಮ ಬಂಧುಗಳಿಗೆ ವ್ಯವಸ್ಥೆ ಬೇರೆ. ಅಲ್ಲಿ 1860ರ ಕಾಯಿದೆಯ ಜೊತೆಗೆ ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆ, 1950 ಕೂಡ ಅನ್ವಯಿಸುತ್ತದೆ. ದಾಖಲೆಯಲ್ಲಿರುವ ವಿವರ ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆ ವರದಿ ಹೋಗಬೇಕು. 1860ರ ಕಾಯಿದೆಯ 12ನೇ ಕಲಂ ಪ್ರಕಾರ ಸಂಘದ ಉದ್ದೇಶಗಳನ್ನು ಬದಲಿಸಲು ಒಂದು ಸಭೆ ಸಾಲದು. ಪ್ರಸ್ತಾವದ ವರದಿ 10 ದಿನ ಮೊದಲೇ ಪ್ರತಿ ಸದಸ್ಯರಿಗೆ ತಲುಪಬೇಕು ಅಥವಾ ಅಂಚೆಗೆ ಬಿದ್ದಿರಬೇಕು, ವಿಶೇಷ ಸಭೆಯಲ್ಲಿ ಐದನೇ ಮೂರು ಭಾಗದ ಮತ ಬರಬೇಕು, ಒಂದು ತಿಂಗಳ ಅಂತರದಲ್ಲಿ ಎರಡನೇ ಸಭೆ ಕರೆದು ಅಷ್ಟೇ ಬಹುಮತದಿಂದ ಮತ್ತೆ ದೃಢಪಡಿಸಬೇಕು. ನೂರಾರು ವರ್ಷದ ಹಿಂದಿನವರು ಎಷ್ಟು ಯೋಚಿಸಿದ್ದರು ನೋಡಿ. ಆವೇಶದಲ್ಲಿ ಮಾಡಿದ್ದನ್ನು ತಣ್ಣಗೆ ಕೂತು ಇನ್ನೊಮ್ಮೆ ನೋಡಲು ಒಂದು ತಿಂಗಳು ಕೊಟ್ಟಿದ್ದಾರೆ. ಅದೇ ಕಾಯಿದೆಯ 19ನೇ ಕಲಂ, ಸಲ್ಲಿಸಿದ ದಾಖಲೆಗಳನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕೊಟ್ಟು ನೋಡಬಹುದು ಎನ್ನುತ್ತದೆ.

ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಬೈಲಾ ಬೇರೆಯೇ ಲೋಕ. ಅವಕ್ಕೆ 1959ರ ಸಹಕಾರ ಸಂಘಗಳ ಕಾಯಿದೆ ಅಥವಾ 1997ರ ಸೌಹಾರ್ದ ಕಾಯಿದೆ. ಎರಡನ್ನೂ ಒಬ್ಬರೇ ಕಾರ್ಯದರ್ಶಿ ನೋಡಿಕೊಳ್ಳುವ ಊರುಗಳಲ್ಲಿ ಅಲ್ಲಿಯ ನಿಯಮ ಇಲ್ಲಿಗೆ ತಂದು ಗೊಂದಲ ಮಾಡುತ್ತಾರೆ. ಟ್ರಸ್ಟುಗಳಲ್ಲಂತೂ ಸದಸ್ಯರ ಓಟಿನ ಪ್ರಶ್ನೆಯೇ ಸಾಮಾನ್ಯವಾಗಿ ಬರುವುದಿಲ್ಲ.

ಉದ್ದೇಶಗಳನ್ನೇ ತಿದ್ದಿದ್ದರೆ ಆದಾಯ ತೆರಿಗೆಯ ಕಡೆಯೂ ಕಣ್ಣಿರಲಿ. 1961ರ ಕಾಯಿದೆಯ ಪ್ರಕಾರ 12ಎಬಿ ನೋಂದಣಿ ಇರುವ ಸಂಸ್ಥೆ ನೋಂದಣಿಯ ಷರತ್ತಿಗೆ ಹೊಂದದ ಹಾಗೆ ಉದ್ದೇಶ ಬದಲಿಸಿದರೆ 30 ದಿನದೊಳಗೆ ಮತ್ತೆ ಅರ್ಜಿ ಹಾಕಬೇಕಿತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ; ಕಲಂಗಳ ಸಂಖ್ಯೆ ಬದಲಾಗಿದೆ. ಆದ್ದರಿಂದ ಕರಡು ಇರುವಾಗಲೇ ಲೆಕ್ಕ ಪರಿಶೋಧಕರಿಗೆ ತೋರಿಸಿ, ಪಾಸಾದ ಮೇಲೆ ಅಲ್ಲ.

ಎಲ್ಲ ಸಂಘಗಳಲ್ಲೂ ಏಳುವ ಪ್ರಶ್ನೆಗಳು

ಮೊದಲನೆಯದು ಆಜೀವ ಸದಸ್ಯತ್ವ. 1985ರಲ್ಲಿ 101 ರೂಪಾಯಿ ಕಟ್ಟಿ ಆಜೀವ ಸದಸ್ಯರಾದವರು ಇರುತ್ತಾರೆ. ಈಗ ಶುಲ್ಕ 5,000 ಆಗಿದೆ. ಹಳಬರು ವ್ಯತ್ಯಾಸ ಕಟ್ಟಬೇಕೆ? ಹೊಸ ನಿಯಮ "ಆಜೀವ ಸದಸ್ಯತ್ವ ಶುಲ್ಕ ರೂ. 5,000" ಎಂದಷ್ಟೇ ಹೇಳಿದರೆ ಅದು ಇನ್ನು ಮುಂದೆ ಸೇರುವವರಿಗೆ ಎಂದೇ ಓದಬೇಕು. ನಿಯಮ ಸಾಮಾನ್ಯವಾಗಿ ಮುಂದಕ್ಕೆ ನಡೆಯುತ್ತದೆ, ಹಿಂದಕ್ಕಲ್ಲ. ಜೀವನಪರ್ಯಂತ ಎಂದು ಹೇಳಿ ದುಡ್ಡು ತೆಗೆದುಕೊಂಡು ಈಗ ಮತ್ತೆ ಕೊಡಿ ಎನ್ನುವುದು ವ್ಯಾಪಾರದಲ್ಲೂ ನಡೆಯದ ಮಾತು. ಆದರೂ ಇದನ್ನು ಓದುವವರ ಊಹೆಗೆ ಬಿಡಬೇಡಿ. "ಈ ತಿದ್ದುಪಡಿ ಜಾರಿಗೆ ಬರುವ ದಿನಕ್ಕೆ ಆಜೀವ ಸದಸ್ಯರಾಗಿರುವವರಿಗೆ ಇದು ಅನ್ವಯಿಸುವುದಿಲ್ಲ" ಎಂಬ ಸಾಲು ಬೈಲಾದಲ್ಲೇ ಇದ್ದರೆ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು ಅವಧಿಯ ಮಿತಿ, ಎಲ್ಲಕ್ಕಿಂತ ಹೆಚ್ಚು ಜಗಳ ಇದರಲ್ಲೇ. "ಯಾರೂ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರತಕ್ಕದ್ದಲ್ಲ" ಎಂದು ಹೊಸದಾಗಿ ಬರೆದಿದ್ದಾರೆ ಅನ್ನಿ. ಈಗಿನ ಅಧ್ಯಕ್ಷರು ಈಗಾಗಲೇ ಎರಡು ಅವಧಿ ಮುಗಿಸಿದ್ದಾರೆ. ಅವರು ಮತ್ತೆ ನಿಲ್ಲಬಹುದೇ? ಒಬ್ಬರು, ನಿಯಮ ಬಂದದ್ದು ಈಗ, ಎಣಿಕೆ ಇಂದಿನಿಂದ ಎನ್ನುತ್ತಾರೆ. ಇನ್ನೊಬ್ಬರು, ನಿಲ್ಲುವ ದಿನ ಅವರ ಕೈಯಲ್ಲಿ ಎರಡು ಅವಧಿ ಇವೆ, ಆದ್ದರಿಂದ ಅನರ್ಹರು ಎನ್ನುತ್ತಾರೆ. ಎರಡೂ ವಾದಕ್ಕೆ ಹುರುಳಿದೆ. ಇಂಥಲ್ಲಿ ವಿವರಣೆ ಬರೆಯುವವನು ನ್ಯಾಯಾಧೀಶನಾಗಲು ಹೋಗಬಾರದು, ಅದರಲ್ಲೂ ಆತ ಒಂದು ಬಣದವನಾಗಿದ್ದರೆ. ನಿಯಮ ಎರಡರ್ಥ ಕೊಡುತ್ತದೆ ಎಂದು ಒಪ್ಪಿಕೊಂಡು ಚುನಾವಣೆಗೆ ಬಹಳ ಮೊದಲೇ ಸರ್ವಸಾಧಾರಣ ಸಭೆಯ ಮುಂದಿಡುವುದೇ ದಾರಿ. ಸಭೆ "ಹಿಂದಿನ ಅವಧಿಗಳನ್ನೂ ಎಣಿಸತಕ್ಕದ್ದು" ಅಥವಾ "ಎಣಿಸತಕ್ಕದ್ದಲ್ಲ" ಎಂದು ಬೈಲಾಕ್ಕೇ ಸೇರಿಸಲಿ. ಮಧ್ಯದಲ್ಲಿ ರಾಜೀನಾಮೆ ಕೊಟ್ಟವರ ಜಾಗಕ್ಕೆ ಬಂದು ಒಂದು ವರ್ಷ ಮಾತ್ರ ಇದ್ದವರ ಅವಧಿ ಪೂರ್ತಿ ಅವಧಿಯೋ ಅಲ್ಲವೋ ಎಂಬುದನ್ನೂ ಜೊತೆಗೇ ಬರೆಯಿಸಿಬಿಡಿ. ಅದು ಖಂಡಿತ ಬರುತ್ತದೆ.

ಮೂರನೆಯದು "ಕುಟುಂಬ" ಎಂಬ ಪದ. ನಮ್ಮ ಬಾಯಲ್ಲಿ ಸುಲಭವಾಗಿ ಬರುತ್ತದೆ, ಕಾಗದದ ಮೇಲೆ ಕೂರಿಸುವುದು ಕಷ್ಟ. ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರು ಒಂದು ಕುಟುಂಬವೋ ಎರಡೋ? ಮದುವೆಯಾಗಿ ಅದೇ ಊರಲ್ಲಿರುವ ಮಗಳು ತವರಿನ ಲೆಕ್ಕಕ್ಕೋ ಗಂಡನ ಮನೆಯ ಲೆಕ್ಕಕ್ಕೋ? ಪಡಿತರ ಚೀಟಿ ನೋಡುವುದೋ, ಆಧಾರ್ ವಿಳಾಸ ನೋಡುವುದೋ? ವ್ಯಾಖ್ಯೆಯಿಲ್ಲದೆ ಈ ಪದ ಬಳಸಿದರೆ ಚುನಾವಣೆಯ ದಿನ ಮತಗಟ್ಟೆಯಲ್ಲಿ ವ್ಯಾಖ್ಯೆ ಮಾಡಬೇಕಾಗುತ್ತದೆ. ನನಗೆ ಕೇಳಿದರೆ ಕುಟುಂಬಕ್ಕೊಂದು ಓಟು ಎಂಬುದನ್ನೇ ಬಿಟ್ಟು, 18 ತುಂಬಿದ ಪ್ರತಿ ವ್ಯಕ್ತಿ ತಾನೇ ಅರ್ಜಿ ಕೊಟ್ಟು ಸದಸ್ಯ ಆಗುವ ಪದ್ಧತಿ ಒಳ್ಳೆಯದು. ಆದರೆ ಇದು ನನ್ನ ಅಭಿಪ್ರಾಯ. ಹಿರಿಯರು ಅನೇಕರು ಒಪ್ಪುವುದಿಲ್ಲ.

ಸಮಾಜದವರು ಮಾತ್ರ ಸದಸ್ಯರು ಎಂಬ ನಿಯಮ ನಡೆಯುತ್ತದೆಯೇ ಎಂದೂ ಕೇಳುತ್ತಾರೆ. ಅಹಮದಾಬಾದಿನ ಪಾರಸಿ ಬಂಧುಗಳ ವಸತಿ ಸಹಕಾರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಸದಸ್ಯತ್ವವನ್ನು ಪಾರಸಿಗಳಿಗೆ ಸೀಮಿತಗೊಳಿಸಿದ ಬೈಲಾವನ್ನು ಎತ್ತಿಹಿಡಿಯಿತು. ಬೈಲಾ ಎಂದರೆ ಸಂಘ ಮತ್ತು ಸದಸ್ಯರ ನಡುವಿನ ಕರಾರು ಎಂಬ ಮಾತು ಅಲ್ಲಿ ಮುಖ್ಯವಾಗಿತ್ತು. ಕರಾರು ಎಂದ ಮೇಲೆ ಅದು ಎರಡೂ ಕಡೆಗೆ ಕಟ್ಟು. ಪದಾಧಿಕಾರಿಗಳು ತಮಗೆ ಬೇಕಾದ ಹಾಗೆ ಓದುವಂತಿಲ್ಲ.

ಇನ್ನೊಂದು ತೀರ್ಪು ನಮ್ಮ ಬೆಳಗಾವಿಯದೇ. ಟಿ.ಪಿ. ದಾವರ್ ವಿರುದ್ಧ ಲಾಡ್ಜ್ ವಿಕ್ಟೋರಿಯಾ ಎಂದು 1963ರ ವರದಿಗಳಲ್ಲಿದೆ. ಬೆಳಗಾವಿಯ ಒಂದು ಫ್ರೀಮೇಸನ್ ಲಾಡ್ಜಿನಿಂದ ಸದಸ್ಯರೊಬ್ಬರನ್ನು ಹೊರಹಾಕಿದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸದಸ್ಯನಾದವನು ನಿಯಮಕ್ಕೆ ಬದ್ಧ, ಹೊರಹಾಕುವ ಅಧಿಕಾರವನ್ನು ನಿಯಮದ ಪ್ರಕಾರವೇ, ಪ್ರಾಮಾಣಿಕವಾಗಿ ಬಳಸಬೇಕು. ಆದರೆ ಪ್ರತಿ ಸಣ್ಣ ಲೋಪದಿಂದಲೂ ಕ್ರಮ ಬಿದ್ದುಹೋಗುವುದಿಲ್ಲ, ಯಾವ ನಿಯಮ ಮೀರಿದ್ದು ಎಂಬುದರ ಮೇಲೆ ಅದು ನಿಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. "ನೋಟಿಸಿನಲ್ಲಿ ತಾರೀಖು ಕೈಬರಹದಲ್ಲಿದೆ, ಆದ್ದರಿಂದ ಸಭೆಯೇ ರದ್ದು" ಎಂದು ಕೂಗುವವರಿಗೂ, "ನೋಟಿಸೇ ಕೊಡದಿದ್ದರೇನಾಯಿತು, ಎಲ್ಲರಿಗೂ ಗೊತ್ತಿತ್ತಲ್ಲ" ಎನ್ನುವವರಿಗೂ ಈ ತೀರ್ಪು ಓದಿ ಹೇಳಬೇಕು.

ಎಣಿಕೆಯ ಮಾತು

ಬೈಲಾದಲ್ಲಿ "ಮೂರನೇ ಎರಡು ಭಾಗದ ಸದಸ್ಯರ ಒಪ್ಪಿಗೆ" ಎಂದಷ್ಟೇ ಇದ್ದರೆ ಯಾರ ಮೂರನೇ ಎರಡು ಭಾಗ? ಒಟ್ಟು 300 ಸದಸ್ಯರು, ಸಭೆಗೆ ಬಂದವರು 90, ಕೈ ಎತ್ತಿದವರು ಪರ-ವಿರೋಧ ಸೇರಿ 80 ಎನ್ನಿ. ಒಟ್ಟು ಸದಸ್ಯರ ಮೂರನೇ ಎರಡು ಎಂದರೆ 200 ಬೇಕು, ಸಭೆಯೇ ಸಾಲದು. ಹಾಜರಿದ್ದವರದ್ದು ಎಂದರೆ 60. ಮತ ಹಾಕಿದವರದ್ದು ಎಂದರೆ 53 ಚಿಲ್ಲರೆ, ಅಂದರೆ 54. ಮೂರೂ ಬೇರೆ ಬೇರೆ ಫಲಿತಾಂಶ. ವಿವರಣೆಯಲ್ಲಿ ಇಂಥ ಒಂದು ಲೆಕ್ಕ ಹಾಕಿ ತೋರಿಸಿದರೆ ಹತ್ತು ಸಾಲಿನ ಕಾನೂನು ಮಾತಿಗಿಂತ ಬೇಗ ತಿಳಿಯುತ್ತದೆ. ಚಿಲ್ಲರೆ ಬಂದಾಗ ಮೇಲಿನ ಪೂರ್ಣಾಂಕ ಹಿಡಿಯಬೇಕು. 53 ಜನ ಮೂರನೇ ಎರಡು ಭಾಗ ಆಗುವುದಿಲ್ಲವಲ್ಲ.

ದಿನಗಳ ಎಣಿಕೆಯೂ ಹಾಗೆ. "21 ಪೂರ್ಣ ದಿನಗಳ ನೋಟಿಸು" ಎಂದರೆ ನೋಟಿಸು ಕೊಟ್ಟ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ನಡುವೆ 21 ದಿನ. 1ನೇ ತಾರೀಖು ಕೊಟ್ಟರೆ ಸಭೆ 23ಕ್ಕೆ, ಅದಕ್ಕೆ ಮೊದಲಲ್ಲ.

ಕನ್ನಡದ ಕ್ರಿಯಾಪದದ ಮೇಲೂ ಗಮನ ಬೇಕು. "ತಕ್ಕದ್ದು" ಎಂದರೆ ಕಡ್ಡಾಯ, "ಬಹುದು" ಎಂದರೆ ಇಷ್ಟ. ತಿದ್ದುಪಡಿ ಬರೆಯುವಾಗ ಭಾಷೆ ಸರಳವಾಗಲಿ ಎಂದು "ಲೆಕ್ಕಪತ್ರ ಮಂಡಿಸತಕ್ಕದ್ದು" ಎಂಬುದನ್ನು "ಮಂಡಿಸಬಹುದು" ಎಂದು ಮಾಡಿದ ಒಂದು ಬೈಲಾ ನೋಡಿದ್ದೇನೆ. "ಮಂಡಿಸಬೇಕು" ಎಂದಿದ್ದರೆ ಸಾಕಾಗಿತ್ತು. ಇನ್ನು ಬೈಲಾ ನೋಂದಣಿಯಾಗಿರುವುದು ಇಂಗ್ಲಿಷಿನಲ್ಲಿ, ಹಂಚುವುದು ಕನ್ನಡದಲ್ಲಿ ಎಂದಾದರೆ ಕನ್ನಡ ಪ್ರತಿಯ ಮೊದಲ ಪುಟದಲ್ಲೇ "ನೋಂದಾಯಿತ ಪಾಠ ಇಂಗ್ಲಿಷಿನದು, ಇದು ಸದಸ್ಯರ ತಿಳಿವಳಿಕೆಗಾಗಿ" ಎಂದು ಹಾಕಿ. ಗಡಿ ಭಾಗದಲ್ಲಿ ಮರಾಠಿ ಪ್ರತಿಯೂ ಇರುತ್ತದೆ. ಮೂರೂ ಪ್ರತಿಗಳನ್ನು ಒಬ್ಬರೇ ಕೂತು ಸಾಲು ಸಾಲು ತಾಳೆ ನೋಡಬೇಕು.

ವಿವರಣೆಯ ನಮೂನೆ

ನಿಯಮಕ್ಕೊಂದು ಪುಟ ಇಟ್ಟುಕೊಂಡರೆ ಅನುಕೂಲ. ಮೇಲೆ ಹಳೆಯ ಪಾಠ ಇದ್ದ ಹಾಗೆ, ಅದರ ಕೆಳಗೆ ಹೊಸ ಪಾಠ ಇದ್ದ ಹಾಗೆ. ಒಂದಕ್ಷರ ಸುಧಾರಿಸಲು ಹೋಗಬೇಡಿ, ಕಾಗುಣಿತ ತಪ್ಪಿದ್ದರೂ ನೋಂದಣಿಯಾದ ಹಾಗೆಯೇ ಬರೆಯಿರಿ. ಆಮೇಲೆ ನಿಮ್ಮ ಮಾತು. ಉದಾಹರಣೆಗೆ ನಮ್ಮ ನಿಯಮ 7ಕ್ಕೆ ಎರಡನೇ ಸಲ ಬರೆದದ್ದು ಸುಮಾರಾಗಿ ಹೀಗಿತ್ತು:

"ಏನು ಬದಲಾಯಿತು: ಸದಸ್ಯರು ತೀರಿಕೊಂಡರೆ ಹಿರಿಯ ಮಗ ಮಾತ್ರವಲ್ಲ, ಪತ್ನಿ, ಮಗ, ಮಗಳು ಅಥವಾ ಸೊಸೆ, ಇವರಲ್ಲಿ ಒಬ್ಬರು ಸದಸ್ಯರಾಗಬಹುದು. ಏನು ಬದಲಾಗಿಲ್ಲ: ಒಂದು ಕುಟುಂಬಕ್ಕೆ ಒಂದೇ ಮತ. ತಾನಾಗಿಯೇ ಆಗುತ್ತದೆಯೇ: ಇಲ್ಲ, ಅರ್ಜಿ ಕೊಡಬೇಕು, ಕಾರ್ಯಕಾರಿ ಮಂಡಳಿ ಒಪ್ಪಿ ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಬರೆದ ದಿನದಿಂದ ಸದಸ್ಯತ್ವ. ಇಬ್ಬರು ಅರ್ಜಿ ಕೊಟ್ಟರೆ: ಬೈಲಾ ಇದನ್ನು ಹೇಳಿಲ್ಲ, ಮುಂದಿನ ಸಭೆಯಲ್ಲಿ ಇಡಲಾಗುವುದು. ಯಾವಾಗಿನಿಂದ: ನೋಂದಣಿಯಾದ ದಿನದಿಂದ, ದೃಢೀಕೃತ ನಕಲು ಕಚೇರಿಯಲ್ಲಿ ನೋಡಲು ಸಿಗುತ್ತದೆ."

"ಬೈಲಾ ಇದನ್ನು ಹೇಳಿಲ್ಲ" ಎಂದು ಬರೆಯಲು ನಮ್ಮ ಪದಾಧಿಕಾರಿಗಳು ನಾಚಿಕೊಂಡರು, ಅಪೂರ್ಣ ಎಂದು ಜನ ನಗುತ್ತಾರೆ ಎಂದರು. ಯಾರೂ ನಗಲಿಲ್ಲ. ಮೂರು ಮನೆಯವರು, ಅತ್ತೆ-ಸೊಸೆ ಕೂತು ಮಾತಾಡಿಕೊಂಡು ಒಂದೇ ಅರ್ಜಿ ತಂದರು.

ವಿವರಣೆಯ ಕೊನೆಗೆ ಸಹಿ, ತಾರೀಖು, ಮತ್ತು "ವಿವರಣೆಗೂ ಬೈಲಾಕ್ಕೂ ವ್ಯತ್ಯಾಸ ಕಂಡರೆ ಬೈಲಾ ಪಾಠವೇ ಅಂತಿಮ" ಎಂಬ ಸಾಲು ಇರಲಿ. ಇದನ್ನು ಕಾರ್ಯಕಾರಿ ಮಂಡಳಿಯಲ್ಲಿ ಓದಿ ನಡವಳಿಗೆ ಸೇರಿಸಿ, ಆಗ ಅದು ಕಾರ್ಯದರ್ಶಿಯ ಒಬ್ಬನ ಮಾತಾಗಿ ಉಳಿಯುವುದಿಲ್ಲ. ಅಚ್ಚಿಗೆ ಹೋಗುವ ಮೊದಲು ಕಾಗದಪತ್ರದ ಅಭ್ಯಾಸವಿಲ್ಲದ ಇಬ್ಬರು ಸದಸ್ಯರಿಗೆ ಓದಲು ಕೊಟ್ಟು, ಏನು ತಿಳಿಯಿತು ಎಂದು ಕೇಳಿ. ಅವರು ಹೇಳಿದ್ದು ನೀವು ಬರೆದದ್ದಕ್ಕಿಂತ ಬೇರೆಯಾಗಿದ್ದರೆ ಮತ್ತೆ ಬರೆಯಬೇಕು.

ಹಳೆಯ ಪುಸ್ತಿಕೆಗಳು ಮನೆಮನೆಯಲ್ಲಿ ಉಳಿದೇ ಇರುತ್ತವೆ. ಹೊಸದನ್ನು ಬೇರೆ ಬಣ್ಣದ ರಕ್ಷಾಪುಟದಲ್ಲಿ ಹಾಕಿಸಿ, ಮೇಲೆ ವರ್ಷ ದೊಡ್ಡದಾಗಿ ಅಚ್ಚಾಗಲಿ. ಕಚೇರಿಯಲ್ಲಿ ಉಳಿದ ಹಳೆಯ ಪ್ರತಿಗಳ ಮೇಲೆ "ರದ್ದಾಗಿದೆ" ಎಂದು ಮುದ್ರೆ ಒತ್ತಿ, ಎರಡನ್ನು ಮಾತ್ರ ಫೈಲಿನಲ್ಲಿಟ್ಟು ಉಳಿದದ್ದನ್ನು ರದ್ದಿಗೆ ಹಾಕಿ. ಆ ಎರಡು ಬೇಕಾಗುತ್ತವೆ: ಹಳೆಯ ಚುನಾವಣೆ, ಹಳೆಯ ಸದಸ್ಯತ್ವದ ಪ್ರಶ್ನೆ ಬಂದಾಗ ಆ ದಿನ ಜಾರಿಯಲ್ಲಿದ್ದ ನಿಯಮವನ್ನೇ ನೋಡಬೇಕು, ಇಂದಿನದನ್ನಲ್ಲ. ನಾನು ಹಂಚಿದ ಆ ತಪ್ಪು ಪುಸ್ತಿಕೆಯ ಒಂದು ಪ್ರತಿಯೂ ಅದೇ ಫೈಲಿನಲ್ಲಿದೆ, ಮೇಲೆ ಕೆಂಪು ಮಸಿಯಲ್ಲಿ "ನೋಂದಣಿಯಾಗಿರಲಿಲ್ಲ" ಎಂದು ನನ್ನ ಕೈಯಲ್ಲೇ ಬರೆದು ಸಹಿ ಮಾಡಿದ್ದೇನೆ.